ಅಟ್ಟದ ಕೊಬ್ಬರಿ, ಪೈಪಿನ ಹದ

ಒಂದು ಮಣ್ಣಿನ ಒಲೆಗಾಗಿ ನಾನೂ ನಮ್ಮತ್ತಿಗೆಯೂ ಮೂರು ವರ್ಷ ಮಾತು ಬಿಟ್ಟಿದ್ದೆವು. ಆಸ್ತಿಗಲ್ಲ, ಒಡವೆಗಲ್ಲ, ಒಲೆಗೆ. ಕೇಳಿದವರು ನಗುತ್ತಾರೆ, ನಗಲಿ. ಆ ಒಲೆಯ ಮುಂದೆ ಕೂರುತ್ತಿದ್ದವಳು ನಮ್ಮವ್ವ. ಹೋಗುತ್ತಿದ್ದದ್ದು ಅವಳ ಉಸಿರು. ಅದು ಗೊತ್ತಿಲ್ಲದೆ ನಗುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನನಗೆ ಯಾವುದಕ್ಕೆ ಮೈ ಉರಿಯುವುದಿಲ್ಲ ಹೇಳಿ.

ಎಂಬತ್ತರ ದಶಕದ ಶುರುವಿನ ಮಾತು. ಮನೆಮನೆಗೂ ಹೊಗೆ ಇಲ್ಲದ ಒಲೆ ಕಟ್ಟಿಸಿಕೊಡುವ ಒಂದು ಸ್ಕೀಮು ಬಂದಿತ್ತು. ನಾನು ಅದರಲ್ಲಿ ಕೆಲಸಕ್ಕೆ ಸೇರಿದ್ದೆ. ತುಮಕೂರಿನ ಮರಳೂರಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಲ್ಲಿಂದ ಗುಬ್ಬಿಗೆ ಬಸ್ಸು, ಗುಬ್ಬಿಯಿಂದ ಹಳ್ಳಿಗಳಿಗೆ ಇನ್ನೊಂದು ಬಸ್ಸು, ಅದು ಕೈಕೊಟ್ಟರೆ ನಡಿಗೆ. ಹೋದಲ್ಲೆಲ್ಲ ಹೆಂಗಸರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದರು. "ಮದ್ವೆ ಆಗ್ದೋಳು, ಒಂದ್ ದಿನ ಹತ್ ಜನಕ್ಕೆ ಮುದ್ದೆ ತಿರುವಿದೋಳಲ್ಲ, ನಮ್ಗೆ ಒಲೆ ಹಚ್ಚೋದು ಕಲ್ಸಕ್ ಬಂದವ್ಳೆ" ಎಂದು ಒಬ್ಬಾಕೆ ನನ್ನೆದುರಿಗೇ ಪಕ್ಕದವಳಿಗೆ ಹೇಳಿದ್ದಳು. ನಾನು ಸುಮ್ಮನಿರಲಿಲ್ಲ, ತಿರುಗಿ ಅಂದೆ. ಆ ಊರಿನಲ್ಲಿ ಒಂದೂ ಒಲೆ ಆಗಲಿಲ್ಲ.

ಕೆಲಸಕ್ಕೆ ಮುಂಚೆ ಕುಣಿಗಲ್ಲಿನಲ್ಲಿ ಹತ್ತು ದಿನ ನಮಗೆ ತರಬೇತಿ ಇತ್ತು. ಕಲಿಸುತ್ತಿದ್ದ ಮೇಷ್ಟ್ರು ಮಣ್ಣು ಮುಟ್ಟಿದರೆ ಕೈ ತೊಳೆಯಲು ಓಡುವ ಮನುಷ್ಯ, ಆದರೆ ಹೇಳುತ್ತಿದ್ದದ್ದು ಸರಿಯಾಗಿತ್ತು. ಅವರ ಹತ್ತಿರ ಉದ್ದನೆಯ ಕಡ್ಡಿಯ ಒಂದು ಥರ್ಮಾಮೀಟರ್ ಇತ್ತು. ಅದನ್ನು ಒಲೆಯ ಪೈಪಿಗೆ ತಾಗಿಸಿ ಹಿಡಿದಾಗ ಹಿಂದೆ ಕೂತಿದ್ದ ಹೆಂಗಸೊಬ್ಬಳು "ಒಲೆಗೆ ಜ್ವರ ಬಂದೈತಾ ಸಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ಮನುಷ್ಯರಿಗೆ ಜ್ವರ ಏರಿದರೂ ಕಷ್ಟ, ಮೈ ತಣ್ಣಗಾದರೂ ಕಷ್ಟ. ಪೈಪಿಗೂ ಅಷ್ಟೇ" ಎಂದರು. ಪೈಪಿನ ಮೈ ನೂರು ಡಿಗ್ರಿಗಿಂತ ಕೆಳಗಿದ್ದರೆ ಹೊಗೆಯೊಳಗಿನ ಜಿಡ್ಡು ಮೇಲಕ್ಕೆ ಹೋಗದೆ ಒಳಗೋಡೆಗೆ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಇನ್ನೂರೈವತ್ತರ ಹತ್ತಿರ ಹೋದರೆ ಆ ಜಿಡ್ಡಿಗೇ ಬೆಂಕಿ ಹತ್ತುತ್ತದೆ. ಆದ್ದರಿಂದ ಜಿಡ್ಡು ಕಟ್ಟಿದ ಪೈಪನ್ನು ಮೊದಲು ಬಿಚ್ಚಿ, ಕೋಲು ಹಾಕಿ ಕೆರೆದು, ಆಮೇಲೇ ಒಲೆ ಹಚ್ಚಬೇಕು. ಪೈಪಿಗೆ ಬೆಂಕಿ ಬಿದ್ದರೆ ನೀರು ಹೊಯ್ಯಬಾರದು, ಗಾಳಿ ಮುಚ್ಚಬೇಕು. ಇದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಎರಡೆರಡು ಸಲ ಅಡಿಗೆರೆ ಹಾಕಿ ಬರೆದುಕೊಂಡೆ.

ಥರ್ಮಾಮೀಟರ್ ನಮಗೆ ಕೊಡಲಿಲ್ಲ. ಇದ್ದದ್ದೇ ಒಂದು, ಅದು ಮೇಷ್ಟ್ರ ಚೀಲದಲ್ಲಿ ಬೆಂಗಳೂರಿಗೆ ವಾಪಸ್ಸು ಹೋಯಿತು. ನಾನು ನೀರಿನಲ್ಲಿ ನೋಡುವುದನ್ನು ಕಲಿತೆ. ದೋಸೆ ಕಾವಲಿಗೆ ನೀರು ಚಿಮುಕಿಸುವುದಿಲ್ಲವೇ, ಹಾಗೆ. ಒಲೆಯಿಂದ ಒಂದು ಮೊಳ ಮೇಲೆ ಪೈಪಿಗೆ ಬೆರಳಿನಿಂದ ಹನಿ ಹಾರಿಸಬೇಕು. ಸದ್ದಿಲ್ಲದೆ ಜಾರಿ ಇಳಿದರೆ ಪೈಪು ತಣ್ಣಗಿದೆ. ಚುರ್ ಎಂದು ಅಲ್ಲೇ ಇಂಗಿದರೆ ಹದ. ಹನಿ ಗುಂಡಗಾಗಿ ಪೈಪಿಗೆ ಅಂಟದೆ ಕುಣಿದು ಹಾರಿದರೆ ಅತಿಯಾಗಿ ಕಾದಿದೆ, ಸೌದೆ ಹಿಂದಕ್ಕೆ ಎಳೆಯಬೇಕು. ಡಿಗ್ರಿ ಅಂದರೆ ಮುಖ ತಿರುಗಿಸುತ್ತಿದ್ದ ಹೆಂಗಸರು ಹದ ಅಂದ ತಕ್ಷಣ ಹತ್ತಿರ ಬಂದು ಕೂರುತ್ತಿದ್ದರು. ಈ ಉಪಾಯ ಹೊಳೆದದ್ದಕ್ಕೆ ನನಗೆ ವಿಪರೀತ ಜಂಬ ಬಂತು.

ಇನ್ನು ನಮ್ಮ ಮನೆ. ಅದು ಚೇಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಅಲ್ಲಿ ಅವ್ವ, ಅಣ್ಣ, ಅತ್ತಿಗೆ ಇದ್ದರು. ಅವ್ವನಿಗೆ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ನಡುಮನೆಯ ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಿದ್ದಳು. ಅವಳ ತಲೆ ತಾಗಿ ತಾಗಿ ಆ ಸುಣ್ಣದ ಗೋಡೆಯಲ್ಲಿ ಒಂದು ಮುಚ್ಚಳದಗಲ ಎಣ್ಣೆಯ ಕಲೆ ಆಗಿತ್ತು. ಪ್ರತಿ ಯುಗಾದಿಗೆ ಅತ್ತಿಗೆ ಸುಣ್ಣ ಬಳಿಯುತ್ತಿದ್ದಳು, ತಿಂಗಳು ತುಂಬುವುದರೊಳಗೆ ಕಲೆ ಮತ್ತೆ ಮೂಡುತ್ತಿತ್ತು. ಗುಬ್ಬಿಯ ಡಾಕ್ಟರು "ಔಷಧಿ ನಾನು ಕೊಡ್ತೀನಿ, ಹೊಗೆ ನೀವು ತಪ್ಪಿಸಿ, ಇಲ್ಲದಿದ್ದರೆ ಈಯಮ್ಮ ಜಾಸ್ತಿ ದಿನ ಇರಲ್ಲ" ಎಂದಿದ್ದರು. ಒಲೆ ಬಿಟ್ಟು ಬಾ ಎಂದರೆ ಅವ್ವ ಕೇಳುವವಳಲ್ಲ. ಒಲೆ ಮುಂದೆ ಕೂರದ ದಿನ ತಾನು ಆ ಮನೆಯವಳೇ ಅಲ್ಲ ಅಂದುಕೊಂಡಿದ್ದಳು.

ಊರವರಿಗೆಲ್ಲ ಒಲೆ ಕಟ್ಟಿಸುವವಳು ಅವ್ವನಿಗೆ ಕಟ್ಟಿಸದೆ ಇರುತ್ತೇನೆಯೇ? ತುಮಕೂರಿನ ಶಿರಾ ಗೇಟಿನ ಹತ್ತಿರ ತಗಡಿನ ಕೆಲಸದ ಸಾಬರೊಬ್ಬರ ಹತ್ತಿರ ಒಳ್ಳೆ ಕಬ್ಬಿಣದ ತಗಡಿನಲ್ಲಿ ಪೈಪು ಮಾಡಿಸಿದೆ, ಎರಡು ತುಂಡು, ಒಂದರೊಳಗೊಂದು ಕೂರುವ ಹಾಗೆ. ಪೈಪು ಅಟ್ಟ ತೂರಿ ಹೆಂಚಿನ ಮೇಲೆ ಹೋಗಬೇಕು ಅಂದಾಗ ಅವರು ಸುತ್ತಿಗೆ ಕೆಳಗಿಟ್ಟರು. "ಅಟ್ಟದಲ್ಲಿ ಏನಿದೆ ಮೇಡಂ?" ಎಂದರು. ಕೊಬ್ಬರಿ ಎಂದೆ. "ಸುತ್ತ ಒಂದು ಗೇಣು ಖಾಲಿ ಬಿಡಿ. ಆದ್ರೆ ಗೋಡೆ ಕಡೆಗೆ ತಿರುಗ್ಸಿ, ಅಟ್ಟದ ಸಹವಾಸ ಬೇಡ" ಎಂದರು. ಗೋಡೆಗೆ ತಿರುಗಿಸಬೇಕಾದರೆ ಒಲೆಯ ಜಾಗವನ್ನೇ ಬದಲಿಸಬೇಕಿತ್ತು. ನನಗೆ ಅಷ್ಟು ವ್ಯವಧಾನ ಇರಲಿಲ್ಲ.

ಅತ್ತಿಗೆ ಮೊದಲ ದಿನವೇ ಅಡ್ಡ ಬಂದಳು. ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಕೆಳಗೆ ಒಲೆ ಉರಿಯುತ್ತಿರಬೇಕು, ಅಟ್ಟದ ಹಲಗೆ ಸಂದಿಯಿಂದ ಬೆಚ್ಚನೆ ಹೊಗೆ ಕಾಯಿಗೆ ತಾಗುತ್ತಿರಬೇಕು. ಹತ್ತು ಹನ್ನೊಂದು ತಿಂಗಳಿಗೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿ ಗಿಟುಕಾಗುತ್ತದೆ. ಅತ್ತಿಗೆ ಒಂದೊಂದು ಕಾಯನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಲೊಟಲೊಟ ಅಂದರೆ ಈ ಕಡೆಗೆ, ಅನ್ನದಿದ್ದರೆ ಆ ಕಡೆಗೆ ಹಾಕುತ್ತಿದ್ದಳು. ಅದರಲ್ಲಿ ಅವಳ ಕಿವಿ ತಪ್ಪಿದ್ದನ್ನು ಯಾರೂ ಕಂಡಿಲ್ಲ. "ಹೊಗೆನೆಲ್ಲ ಆಕಾಶಕ್ಕೆ ಕಳ್ಸಿದ್ರೆ ನನ್ ಕಾಯಿಗೇನು ಊದ್ಬತ್ತಿ ಹಚ್ಚಿ ಇಡ್ಲಾ?" ಎಂದಳು.

"ನಿಂಗೆ ಅವ್ವನ್ ಉಸ್ರು ಹೆಚ್ಚೋ ಕಾಯಿ ಹೆಚ್ಚೋ?" ಎಂದೆ.

"ಎರಡೂ ನಾನೇ ನೋಡ್ಕಳದು ಕಣವ್ವ, ನೀನಲ್ಲ. ನೀನು ಭಾನ್ವಾರ ಬಂದು ಸೋಮ್ವಾರ ಹೋಗೋಳು."

ಅದು ನಿಜ. ನಿಜ ಆಗಿದ್ದಕ್ಕೇ ಸಿಟ್ಟು ನೆತ್ತಿಗೇರಿತು. ಅಣ್ಣನನ್ನು ನನ್ನ ಕಡೆಗೆ ಎಳೆದುಕೊಂಡು, ಎರಡು ಭಾನುವಾರಗಳಲ್ಲಿ ಒಲೆ ಕಟ್ಟಿಸಿಯೇಬಿಟ್ಟೆ. ಸೌದೆಗೆ ಮುಂದೆ ಒಂದು ಬಾಯಿ, ಅದರ ಕೆಳಗೆ ಬೂದಿ ಬಾಯಿ, ಮೇಲೆ ಪಾತ್ರೆ ಕೂರುವ ಎರಡು ಗುಂಡಿ, ಹಿಂದೆ ಪೈಪು. ಮೂರನೆಯ ವಾರಕ್ಕೆಲ್ಲ ಅವ್ವ ಮಧ್ಯಾಹ್ನ ಉಂಡ ಮೇಲೆ ಚಾಪೆ ಹಾಸಿ, ದಿಂಬಿಲ್ಲದೆ, ಅಂಗಾತ ಮಲಗಿದಳು. ನಾನು ಕಣ್ಣಾರೆ ಕಂಡೆ. ಅವಳು ಹಾಗೆ ಮಲಗಿದ್ದನ್ನು ಚಿಕ್ಕಂದಿನಿಂದ ಒಂದು ದಿನವೂ ಕಂಡಿರಲಿಲ್ಲ. ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಿಗೆಗೆ ಕೇಳಿಸುವ ಹಾಗೆ "ಹೆಂಗೆ?" ಎಂದೆ. ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

ಅಟ್ಟದಲ್ಲಿ ಕಾಯಿಗೆ ಬೂಷ್ಟು ಹಿಡಿಯತೊಡಗಿತು. ಅದನ್ನು ಅವಳು ನನಗೆ ಎರಡು ಸಲ ಹೇಳಿದಳು. ಒಂದು ಸಲ ಕಾಯಿ ಒಡೆದು ಕಪ್ಪಗಾದ ತಿರುಳನ್ನು ನನ್ನ ತಟ್ಟೆಯ ಪಕ್ಕದಲ್ಲೇ ಇಟ್ಟಳು. ನಾನು ತಟ್ಟೆ ಪಕ್ಕಕ್ಕೆ ಸರಿಸಿಕೊಂಡು ಉಂಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ನಮ್ಮಿಬ್ಬರದೂ ಅದೇ ಬಾಳು. ಆದರೆ ನಮ್ಮ ಗಾಡಿಯ ಮೇಲೆ ಅವ್ವ ಕೂತಿದ್ದಳು.

ಎರಡು ತಿಂಗಳು ಆಫೀಸಿನ ಕೆಲಸದಲ್ಲಿ ನನಗೆ ಊರಿಗೆ ಹೋಗಲು ಆಗಲಿಲ್ಲ. ಮತ್ತೆ ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಅವತ್ತು ಕಾಯಿ ಕೀಳುವ ಆಳುಗಳು ಬಂದಿದ್ದರು, ಅತ್ತಿಗೆ ದೊಡ್ಡ ಪಾತ್ರೆಯಲ್ಲಿ ಮುದ್ದೆಗೆ ಎಸರು, ಇನ್ನೊಂದು ಗುಂಡಿಯಲ್ಲಿ ಸಾರು ಇಟ್ಟಿದ್ದಳು. ನಡುಮನೆಯಲ್ಲಿ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳ ಎದೆ ಗೊರಗೊರ ಅನ್ನುತ್ತಿತ್ತು. ತಲೆಯ ಹಿಂದೆ ಎಣ್ಣೆ ಕಲೆ ಮತ್ತೆ ಬಂದಿತ್ತು. "ಏನಿಲ್ಲ ಕಣ್ ಮಗಾ, ಸೀತ" ಎಂದಳು.

ನಾನು ಚೀಲ ಕೆಳಗಿಡದೆ ಅಡುಗೆಮನೆಗೆ ಹೋದೆ. ಒಲೆಯಲ್ಲಿ ಬೆಂಕಿ ಚೆನ್ನಾಗಿಯೇ ಇತ್ತು. ಪೈಪಿಗೆ ನೀರು ಹಾರಿಸಿದೆ. ಹನಿ ಸದ್ದಿಲ್ಲದೆ ಜಾರಿತು. ಅಷ್ಟು ಬೆಂಕಿಗೆ ಪೈಪು ತಣ್ಣಗಿದೆ ಅಂದರೆ ಬಿಸಿ ಮೇಲಕ್ಕೆ ಹೋಗುತ್ತಿಲ್ಲ. ಏಣಿ ಹತ್ತಿ ಅಟ್ಟಕ್ಕೆ ತಲೆ ಹಾಕಿದರೆ ಕಣ್ಣು ಬಿಡಲು ಆಗದ ಹೊಗೆ. ಕಾಯಿಗೆ ಹೊಗೆ ತಾಗಲಿ ಎಂದು ಅತ್ತಿಗೆ ಪೈಪಿನ ಎರಡು ತುಂಡನ್ನು ಬಿಡಿಸಿ, ಮೇಲಿನದನ್ನು ಒಂದು ಪಕ್ಕಕ್ಕೆ ಒರಗಿಸಿ ಇಟ್ಟಿದ್ದಳು. ಹೊಗೆ ಕೆಳಗೆ ಇಳಿಯದಿರಲಿ ಎಂದು ಹಲಗೆ ಸಂದಿಗೆಲ್ಲ ಗೋಣಿ ತಾಟು ತುರುಕಿದ್ದಳು. ತಾಟಿಗೆ ಹೊಗೆ ನಿಲ್ಲುತ್ತದೆಯೇ?

ನಾನು ಇಳಿದು ಬಂದು ಅವಳನ್ನು ಕೇಳಲಿಲ್ಲ, ಬೈದೆ. ಅಂಗಳದಲ್ಲಿ ಆಳುಗಳು, ಬೇಲಿ ಆಚೆ ಪಕ್ಕದ ಮನೆಯವರು, ಯಾರನ್ನೂ ನೋಡಲಿಲ್ಲ. "ನಮ್ಮವ್ವನ್ನ ಕೊಂದು ಕೊಬ್ರಿ ಮಾಡ್ಕಂಡು ತಿನ್ನು" ಎಂದೆ. ಇನ್ನೂ ಅಂದೆ, ಮಕ್ಕಳಿಲ್ಲದವಳಿಗೆ ಅನ್ನಬಾರದ ಒಂದು ಮಾತೂ ಅದರಲ್ಲಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವಳು ಮುದ್ದೆ ಕೋಲು ಹಿಡಿದು ನಿಂತಿದ್ದಳು. "ಬಿಚ್ಚಿದ್ದು ನಾನೇ. ತಾಟು ಹಾಕಿದ್ರೆ ಕೆಳಗ್ ಬರಲ್ಲ ಅನ್ಕಂಡಿದ್ದೆ. ಬಂತು" ಎಂದಳು. ಅಷ್ಟೇ. ಮತ್ತೆ ಹಿಟ್ಟು ತಿರುವಲು ಕೂತಳು.

ಅವಳು ಜಗಳ ಆಡಿದ್ದರೆ ನನ್ನ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತೋ ಏನೋ. ನಾನು ಮತ್ತೆ ಏಣಿ ಹತ್ತಿ, ಪೈಪಿನ ತುಂಡುಗಳನ್ನು ಸೇರಿಸಿ ತಂತಿ ಸುತ್ತಿದೆ. ಸೇರಿಸುವಾಗ ಒಳಗೆ ಹೊಳೆಯುವ ಕಪ್ಪು ಜಿಡ್ಡು ಬೆರಳಿನಷ್ಟು ದಪ್ಪ ಕಟ್ಟಿದ್ದನ್ನು ನೋಡಿದೆ. ನೋಡಿಯೂ ಕೆರೆಯಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಕುಣಿಗಲ್ಲಿನ ನೋಟ್‌ಬುಕ್ಕು ಚೀಲದಲ್ಲೇ ಇತ್ತು. ಕೆಳಗೆ ಬಂದು, "ಹೆಂಗೆ ಉರಿಯಲ್ಲ ನೋಡ್ತೀನಿ" ಎಂದು, ಮೂಲೆಯಲ್ಲಿದ್ದ ತೆಂಗಿನ ಕರಟಗಳನ್ನು ಎರಡು ಬೊಗಸೆ ಒಲೆಯ ಬಾಯಿಗೆ ತುಂಬಿದೆ. ಕರಟದ ಬೆಂಕಿ ಕೆಟ್ಟದ್ದು, ಕಮ್ಮಾರರ ಕುಲುಮೆಗೆ ಬೇಕಾದದ್ದು. ಪೈಪಿಗೆ ಹನಿ ಹಾರಿಸಿದೆ, ಚುರ್ ಅಂದಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಅತ್ತಿಗೆ ನೋಡುತ್ತಿದ್ದಾಳೆ ಎಂದು ಇನ್ನೊಂದು ಬೊಗಸೆ ಹಾಕಿ ಮತ್ತೆ ಹನಿ ಹಾರಿಸಿದೆ. ಹನಿ ಪೈಪಿಗೆ ಅಂಟದೆ ಕುಣಿದು ನೆಲಕ್ಕೆ ಹಾರಿತು.

ಆಮೇಲೆ ಪೈಪಿನೊಳಗಿಂದ ಸದ್ದು ಬಂತು. ಹಿಟ್ಟಿನ ಮಿಲ್ಲು ಶುರುವಾದ ಹಾಗೆ, ಗುಂಯ್ ಎಂದು ಏರುತ್ತಲೇ ಹೋಯಿತು. ಅಟ್ಟದ ಹತ್ತಿರ ತಗಡು ಮಂಕು ಕೆಂಪಾಯಿತು. ಮೇಲೆ ವರ್ಷದ ಕಾಯಿ, ಒಣಗಿದ ನಾರು, ಗೋಣಿ ತಾಟು. ಗೋಡೆಯಾಚೆ ಓಡಲಾರದ ಅವ್ವ. ನಾನು, ತರಬೇತಿ ಪಡೆದವಳು, ನೀರಿನ ಕೊಡ ಎತ್ತಿದೆ.

ಅತ್ತಿಗೆ ನನ್ನ ರಟ್ಟೆ ಹಿಡಿದು ಕೊಡ ಕಿತ್ತುಕೊಂಡಳು. "ಕಾದ ಒಲೆಗೆ ನೀರ್ ಹುಯ್ದ್ರೆ ಸೀಳ್ತದೆ. ಬುಡು" ಎಂದಳು. ನಾನು ಮುದ್ದೆ ಪಾತ್ರೆ ಇಳಿಸಲು ಹೋದೆ. "ಪಾತ್ರೆ ಎತ್ತಬ್ಯಾಡ, ಗುಂಡಿ ತೆರಕತದೆ" ಎಂದಳು. ಗಾಳಿ ಮುಚ್ಚಬೇಕು ಎಂದು ಅವಳಿಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಆಗತಾನೆ ಬೆಂದ ರಾಗಿ ಹಿಟ್ಟನ್ನು ಬರಿಗೈಯಲ್ಲಿ ಪಾತ್ರೆಯಿಂದ ಬಾಚಿ ಬಾಚಿ, ಸೌದೆಯ ಬಾಯಿಗೆ ಬಡಿದಳು, ಬೂದಿ ಬಾಯಿಗೆ ಬಡಿದಳು, ಎರಡೂ ಪಾತ್ರೆಗಳ ಸುತ್ತಲ ಸಂದಿಗೆ ಮೆತ್ತಿದಳು. ಒಂದು ಸಲವೂ ಅಮ್ಮಾ ಅನ್ನಲಿಲ್ಲ. ಆಳುಗಳು ಅಟ್ಟ ಹತ್ತಿ ಪೈಪಿನ ಸುತ್ತಲ ಕಾಯಿ, ತಾಟು ಎಳೆದು ಕೆಳಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಸದ್ದು ಇಳಿಯಿತು, ಆಮೇಲೆ ನಿಂತಿತು. ಒಲೆಯ ಬಾಯಿಯಲ್ಲಿ ರಾಗಿ ಹಿಟ್ಟು ಸೀದು ಕರಕಲಾಗಿತ್ತು.

ಅವ್ವ ಏದುತ್ತ ಬಂದು ಲೋಳೆಸರ ಸೀಳಿ ಅತ್ತಿಗೆಯ ಅಂಗೈಗೆ ಹಚ್ಚಿದಳು. ಹಿಟ್ಟು ಚರ್ಮದ ಜೊತೆಗೇ ಬಂತು. ಅತ್ತಿಗೆ ನನ್ನ ಕಡೆಗೆ ನೋಡಿ, "ನೋಡ್ದೆ ಮೇಡಮ್ಮೋರೆ, ನಿಮ್ಮ ಹದ ನೋಡ್ದೆ" ಎಂದಳು. ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಮಾರನೆಯ ದಿನ ಅಣ್ಣನ ಕೈಯಲ್ಲಿ ಹಾರೆ ಕೊಟ್ಟು ಒಲೆ ಒಡೆಸಿದಳು. ನಾನು ಹಟ ಹಿಡಿದು ಅವ್ವನನ್ನು ಮರಳೂರಿಗೆ ಕರೆದುಕೊಂಡು ಹೋದೆ. ಸೀಮೆಎಣ್ಣೆ ಸ್ಟೌವಿನ ವಾಸನೆಗೆ ಅವಳು ಇನ್ನಷ್ಟು ಏದಿದಳು. ಎರಡು ವಾರಕ್ಕೆ "ನನ್ ಒಲೆ ಮುಂದೆ ಬುಡವ್ವ, ಅಲ್ಲೇ ಏನಾಗ್ಬೇಕೋ ಆಗ್ಲಿ" ಎಂದಳು. ಚೇಳೂರಿನ ಬಸ್ಸಿಗೆ ಹತ್ತಿಸಿದೆ, ಜೊತೆಗೆ ಹೋಗಲಿಲ್ಲ.

ಆಫೀಸಿನಲ್ಲಿ ಒಲೆಗೆ ಬೆಂಕಿ ಬಿದ್ದದ್ದಕ್ಕೆ ವರದಿ ಕೇಳಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಹಾಳೆಯಲ್ಲಿ ನಡೆದದ್ದೆಲ್ಲ ಬರೆದು, ಕೊನೆಯಲ್ಲಿ ಕಾರಣ ಎಂಬ ಕಡೆ "ಮನೆಯ ಹೆಂಗಸಿನ ನಿರ್ಲಕ್ಷ್ಯ" ಎಂದು ಬರೆದೆ. ಕರಟ ತುಂಬಿದ್ದು ಯಾರು ಎಂದು ಬರೆಯಲಿಲ್ಲ. ಕೆಲಸ ಕಾಯಂ ಆಯಿತು. ಮೂರು ವರ್ಷ ಊರಿಗೆ ಕಾಲಿಡಲಿಲ್ಲ. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಸಿಕ್ಕರೆ ಅವ್ವ ಹೇಗಿದ್ದಾಳೆ ಎಂದು ಕೇಳುತ್ತಿದ್ದೆ. "ಅವ್ಳೆ" ಅನ್ನುತ್ತಿದ್ದ. ಇದ್ದಾಳೆ ಅನ್ನುವುದಕ್ಕಿಂತ ಹೆಚ್ಚು ಆಡುವವನಲ್ಲ ಅವನು. ಅವ್ವ ಗೋಡೆಗೆ ಒರಗಿ ಕೂತೇ ಸಾಯುತ್ತಾಳೆ, ನಾನು ಹೆಣಕ್ಕೆ ಹೋಗುತ್ತೇನೆ, ಅತ್ತಿಗೆಯ ಮುಖ ಅಲ್ಲಿ ನೋಡುತ್ತೇನೆ ಎಂದುಕೊಂಡಿದ್ದೆ. ಅವಳನ್ನು ಏನೆಂದು ಬೈಯಬೇಕು ಎಂಬುದನ್ನೂ ಬಸ್ಸಿನಲ್ಲಿ ಕೂತು ಯೋಚಿಸಿಟ್ಟಿದ್ದೆ.

ಒಂದು ದಿನ ಅಣ್ಣ, "ಅವ್ವ ನಿನ್ನ ನೋಡ್ಬೇಕಂತೆ, ಬಾ" ಎಂದ. ಮುಗಿಯಿತು ಎಂದುಕೊಂಡು ಎದ್ದು ಹೋದೆ.

ಮಧ್ಯಾಹ್ನ ಊಟದ ಹೊತ್ತು. ಮನೆ ಕಾಣುವಾಗಲೇ ಹೆಂಚಿನ ಮೇಲೆ ಪೈಪು ಇಲ್ಲದ್ದು ಕಂಡಿತು. ಇನ್ನೂ ಹತ್ತಿರ ಹೋದಾಗ ಅಡುಗೆಮನೆಯ ಹೊರಗೋಡೆಯಿಂದ ಒಂದು ಪೈಪು ಬಂದು, ಗೋಡೆಗೆ ಒಂದು ಮೊಳ ದೂರದಲ್ಲಿ ನೇರ ಮೇಲಕ್ಕೆ ಹೋಗಿದ್ದು ಕಂಡಿತು. ನನ್ನದೇ ಪೈಪು, ಶಿರಾ ಗೇಟಿನದು, ಬೆಂಕಿಗೆ ನೀಲಿ ತಿರುಗಿದ ಕಡೆ ಗುರುತು ಸಿಕ್ಕಿತು. ಹಿತ್ತಲಿನ ಬಚ್ಚಲಮನೆಗೆ ಹೊಸದಾಗಿ ಅಟ್ಟ ಕಟ್ಟಿದ್ದರು. ಕೆಳಗೆ ನೀರು ಕಾಯಿಸುವ ಹಂಡೆ ಒಲೆ ಹೊಗೆಯಾಡುತ್ತಿತ್ತು, ಮೇಲೆ ಕಾಯಿ ತುಂಬಿತ್ತು. ಹಂಡೆ ಒಲೆಗೆ ಒಂದಿಷ್ಟು ತೆಂಗಿನ ಮಟ್ಟೆ ತಳ್ಳಿ ಬಂದರೆ ಸಾಕು, ಯಾರೂ ಅದರ ಮುಂದೆ ಕೂರಬೇಕಾಗಿಲ್ಲ.

ಅತ್ತಿಗೆ ಅಡುಗೆಮನೆಯಲ್ಲಿದ್ದಳು. ನನ್ನನ್ನು ನೋಡಿ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಒಲೆಯನ್ನು ಗೋಡೆ ಪಕ್ಕಕ್ಕೆ ಸರಿಸಿ ಕಟ್ಟಿದ್ದರು.

"ಯಾರ್ ಕಟ್ಟಿದ್ದು?" ಎಂದೆ.

"ಯಾರ್ ಕಟ್ತಾರೆ? ನಂಗ್ ಕೈ ಇಲ್ವಾ?"

ಕೈ ಇತ್ತು. ಬಲಗೈಯ ಎರಡು ಬೆರಳು ಪೂರ್ತಿ ಮಡಿಯುತ್ತಿರಲಿಲ್ಲ. ಅಂಗೈಯ ಚರ್ಮ ಬೆಳ್ಳಗೆ ಬಿಗಿದುಕೊಂಡಿತ್ತು. ಅದೇ ಕೈಯನ್ನು ಚೊಂಬಿಗೆ ಅದ್ದಿ ಪೈಪಿಗೆ ನೀರು ಹಾರಿಸಿದಳು. ಚುರ್ ಎಂದಿತು. ಸೌದೆ ಮುಟ್ಟದೆ ಹಾಗೆಯೇ ಬಿಟ್ಟಳು.

ಅವ್ವನನ್ನು ನೋಡಲು ನಡುಮನೆಗೆ ಹೋದೆ. ಅವ್ವ ಚಾಪೆಯ ಮೇಲೆ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ಎದೆಯಲ್ಲಿ ಸದ್ದಿರಲಿಲ್ಲ. ನಾನು ಗೋಡೆ ನೋಡಿದೆ. ಯುಗಾದಿ ಕಳೆದು ಆರು ತಿಂಗಳಾಗಿತ್ತು. ಗೋಡೆಯಲ್ಲಿ ಕಲೆ ಇರಲಿಲ್ಲ.

ವಾಪಸ್ಸು ಅಡುಗೆಮನೆಗೆ ಬಂದು ಬಾಗಿಲ ಹತ್ತಿರ ನಿಂತೆ. "ಆಫೀಸಿಗೆ ತಪ್ಪು ನಿಂದು ಅಂತ ಬರ್ದಿದ್ದೆ" ಎಂದೆ. ಹೇಗೆ ಬಂತೋ, ಬಂದುಬಿಟ್ಟಿತು.

"ಗೊತ್ತು. ಆಫೀಸ್ನೋರು ಆಗ್ಲೇ ಬಂದಿದ್ರು. ಹೌದೇನಮ್ಮ ಅಂತ ಕೇಳಿದ್ರು. ಹೂಂ, ನಂದೇ ತಪ್ಪು ಅಂದೆ, ಹೆಬ್ಬೆಟ್ಟು ಒತ್ತಿದೆ."

"ಯಾಕೆ?"

ಅವಳು ತಟ್ಟೆ ಹಾಕಿ ಮುದ್ದೆ ಇಟ್ಟಳು, ಸಾರು ಬಿಟ್ಟಳು. "ನಿನ್ ಮುಖ ನೋಡಿ ಅಲ್ಲ. ನಿನ್ ಕೆಲ್ಸ ಹೋದ್ರೆ ಅತ್ತೆ ಅಳ್ತಿತ್ತು. ಅತ್ರೆ ಅದಕ್ಕೆ ಉಬ್ಬಸ ಹೆಚ್ತದೆ" ಎಂದಳು. "ಉಣ್ಣು."

ನಾನು ಕೂತು ಮುದ್ದೆ ಮುರಿದೆ. ಒಳಗೆ ಕುದಿಯುವಷ್ಟು ಬಿಸಿಯಿತ್ತು, ಬೆರಳು ಸುಟ್ಟಿತು. ಕೈ ಹಿಂದಕ್ಕೆ ತೆಗೆಯದೆ ಉಂಡೆ.